ಕಳಚಬಹುದಾದ ಬಣ್ಣ

1971ರಲ್ಲಿ ಆಗಿನ ಪಶ್ಚಿಮ ಜರ್ಮನಿಯಲ್ಲಿ ಒಂದು ನಿಯಮ ಬಂತು. ಟ್ಯಾಕ್ಸಿಗಳೆಲ್ಲ ತಿಳಿ ದಂತದ ಬಣ್ಣದಲ್ಲಿರಬೇಕು. ಅಲ್ಲಿಯವರೆಗೆ ಅವು ಕಪ್ಪಾಗಿದ್ದವು. ದಂತದ ಬಣ್ಣವೆಂದರೆ ಯಾವುದೋ ಒಂದು ದಂತದ ಬಣ್ಣವಲ್ಲ, ಬಣ್ಣಗಳ ಪಟ್ಟಿಯಲ್ಲಿ ಆರ್‌ಎಎಲ್ 1015 ಎಂದು ಸಂಖ್ಯೆ ಕೊಟ್ಟು ಗುರುತಿಸಿದ ಅದೇ ಬಣ್ಣ; ಜರ್ಮನರು ಇಂಥ ವಿಷಯಗಳಲ್ಲಿ ತಮಾಷೆ ಮಾಡುವವರಲ್ಲ. ರಸ್ತೆಯಲ್ಲಿ ನಿಂತು ಕೈ ತೋರಿಸುವವರಿಗೆ ಇದರಿಂದ ಅನುಕೂಲವೇ ಆಯಿತು. ತೊಂದರೆಯಾದದ್ದು ಮಾಲೀಕರಿಗೆ. ಕೆಲವು ವರ್ಷ ದುಡಿಸಿಕೊಂಡ ಮರ್ಸಿಡಿಸ್ ಕಾರನ್ನು ಮಾರಲು ಹೊರಟರೆ ಆ ಬಣ್ಣವೇ ಅದರ ಜಾತಕ ಹೇಳಿಬಿಡುತ್ತಿತ್ತು. 1993ರಲ್ಲಿ ಕೇ ಪ್ರೀಮಿಯಂ ಮಾರ್ಕಿಂಗ್ ಫಿಲ್ಮ್ಸ್ ಎಂಬ ಬ್ರಿಟಿಷ್ ಕಂಪನಿಗೆ ಒಂದು ಬೇಡಿಕೆ ಬಂತು: ಬಣ್ಣ ಬಳಿಯುವ ಬದಲು ಕಾರಿನ ಮೈಗೆ ಅಂಟಿಸಬಹುದಾದ ಫಿಲ್ಮ್ ಮಾಡಿಕೊಡಿ. ಹೀಗೆ ಕಪ್ಪು ಕಾರನ್ನೋ ಬೆಳ್ಳಿ ಬಣ್ಣದ ಕಾರನ್ನೋ ಕೊಂಡು, ಮೇಲೆ ದಂತದ ಬಣ್ಣದ ವಿನೈಲ್ ಹೊದಿಸಿ, ಟ್ಯಾಕ್ಸಿಯಾಗಿ ಓಡಿಸಿ, ಕಡೆಗೆ ಹೊದಿಕೆ ಕಿತ್ತು ಮಾರುವ ಪದ್ಧತಿ ಬೆಳೆಯಿತು.

ಸರ್ಕಾರಕ್ಕೆ ಬೇಕಾದ ಬಣ್ಣ ಸರ್ಕಾರಕ್ಕೆ, ಮಾಲೀಕನಿಗೆ ಬೇಕಾದ ಬಣ್ಣ ಮಾಲೀಕನಿಗೆ. ಜಾಣತನದ ಕೆಲಸ. ಆದರೆ ಈ ಜಾಣತನದೊಳಗೆ ನನ್ನನ್ನು ಕಾಡುವ ಪ್ರಶ್ನೆಯೊಂದು ಕೂತಿದೆ. ಬೇಕಾದಾಗ ವಾಪಸ್ ತೆಗೆದುಕೊಳ್ಳಬಹುದಾದ ಬದಲಾವಣೆಯನ್ನು ಬದಲಾವಣೆ ಎನ್ನಬಹುದೆ? ಎನ್ನಬಾರದು ಎಂದಾದರೆ, ಅದನ್ನು ನೋಡಿ ನಂಬಿದವರಿಗೆ ಯಾರು ಉತ್ತರ ಕೊಡಬೇಕು?

ನನ್ನ ಬಳಿ ಕಾರಿಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಫೆಲೋಶಿಪ್ ಹಣ ಯಾವ ತಿಂಗಳು ಬಂದೀತೆಂದು ಕಾಯುವ ಸಂಶೋಧನಾ ವಿದ್ಯಾರ್ಥಿ ನಾನು. ವೈಶೇಷಿಕ ದರ್ಶನದಲ್ಲಿ ಗುಣವೆಂದರೇನು ಎಂಬುದು ನನ್ನ ಪ್ರಬಂಧದ ವಿಷಯ. ಕಾರುಗಳ ಸಹವಾಸ ಬಂದದ್ದು ಡಿಗ್ರಿಯಲ್ಲಿ ಜೊತೆಗೆ ಓದಿದ ಗೆಳೆಯನಿಂದ. ಅವನು ಬೆಂಗಳೂರಿನ ಹೊರವಲಯದಲ್ಲಿ ಕಾರುಗಳಿಗೆ ವಿನೈಲ್ ಹೊದಿಸುವ ಅಂಗಡಿ ಇಟ್ಟಿದ್ದಾನೆ. ಗ್ರಂಥಾಲಯದ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗಲೆಲ್ಲ ಸಂಜೆ ಅವನ ಶೆಡ್ಡಿನಲ್ಲಿ ನನಗೊಂದು ಸ್ಟೂಲು ಇರುತ್ತದೆ. "ಮೇಷ್ಟ್ರೇ, ಇದು ಬಣ್ಣ ಅಲ್ಲ, ಬಟ್ಟೆ" ಎಂದು ಅವನು ಮೊದಲ ದಿನವೇ ನನಗೆ ಪಾಠ ಮಾಡಿದ್ದ. ನಮ್ಮ ಭಾಷೆಯೂ ಅವನ ಕಡೆಗೇ ಇದೆ. ಬಣ್ಣವನ್ನು ನಾವು ಹಚ್ಚುತ್ತೇವೆ, ಬಳಿಯುತ್ತೇವೆ, ಹೊಡೆಯುತ್ತೇವೆ, ವಿನೈಲನ್ನಾದರೆ ಹೊದಿಸುತ್ತೇವೆ. ಬಳಿದದ್ದನ್ನು ಕೆರೆದು ತೆಗೆಯಬೇಕು. ಹೊದ್ದದ್ದನ್ನು ಸುಮ್ಮನೆ ಸರಿಸಬಹುದು.

ಕಾರಿಗೆ ಮತ್ತೆ ಬಣ್ಣ ಹೊಡೆಸುವುದು ಸಣ್ಣ ಕೆಲಸವೇನಲ್ಲ. ಹಳೆಯ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ, ತಗ್ಗುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಇಷ್ಟಾದರೂ ಕಾರ್ಖಾನೆಯ ಬಣ್ಣದ ಗಟ್ಟಿತನ ಅದಕ್ಕೆ ಬರುವುದು ಕಷ್ಟ. ಕಾರಣ ಸರಳ. ಕಾರ್ಖಾನೆಯಲ್ಲಿ ಬಣ್ಣ ಹಾಕುವಾಗ ಕಾರೆಂದರೆ ಬರೀ ಲೋಹದ ಗೂಡು. ಸೀಟಿಲ್ಲ, ವೈರಿಲ್ಲ, ರಬ್ಬರಿಲ್ಲ. ಹಾಗಾಗಿ ಅದನ್ನು 140 ಡಿಗ್ರಿ ಆಸುಪಾಸಿನ ಒಲೆಯೊಳಗೆ ತೂರಿಸಿ ಬೇಯಿಸಬಹುದು. ಗ್ಯಾರೇಜಿನಲ್ಲಿ ಹಾಗೆ ಬೇಯಿಸಿದರೆ ಒಳಗಿರುವುದೆಲ್ಲ ಕರಗಿ ಹೋದೀತು. ಅಲ್ಲಿ ಸುಮಾರು 60 ಡಿಗ್ರಿಯ ಶಾಖದಲ್ಲಿ ಒಣಗಿಸಿ, ಉಳಿದದ್ದನ್ನು ರಾಸಾಯನಿಕಕ್ಕೆ ಬಿಡುತ್ತಾರೆ. ಅಂದರೆ ಆ ದೊಡ್ಡ ಬೆಂಕಿ ಒಂದು ಕಾರಿಗೆ ಆಯುಷ್ಯದಲ್ಲಿ ಒಂದೇ ಸಲ ಸಿಗುತ್ತದೆ.

ಗೆಳೆಯ ಇದನ್ನು ಹೇಳುತ್ತಿದ್ದಾಗ ನನಗೆ ನೆನಪಾದದ್ದು ಕುಂಬಾರನ ಆವಿಗೆ. ನ್ಯಾಯ ಮತ್ತು ವೈಶೇಷಿಕ ದರ್ಶನದವರು ಹೆಚ್ಚಿನ ವಿಷಯಗಳಲ್ಲಿ ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡು ಹೋದವರು, ಆದರೆ ಒಂದು ಮಡಕೆಯ ವಿಷಯದಲ್ಲಿ ಜಗಳ ಆಡಿಕೊಂಡರು. ಹಸಿ ಮಡಕೆ ಕಪ್ಪಗಿರುತ್ತದೆ, ಆವಿಗೆಯಲ್ಲಿ ಸುಟ್ಟ ಮೇಲೆ ಕೆಂಪಾಗುತ್ತದೆ. ಕೆಂಪಾದದ್ದು ಅದೇ ಮಡಕೆಯೋ? ಬೆಂಕಿ ತಾಗಿದಾಗ ಮಡಕೆ ಪರಮಾಣುಗಳವರೆಗೂ ಬಿಡಿಬಿಡಿಯಾಗುತ್ತದೆ, ಒಂದೊಂದು ಪರಮಾಣುವೂ ಕೆಂಪಾಗಿ ಮತ್ತೆ ಕೂಡಿಕೊಂಡು ಹೊಸ ಮಡಕೆಯಾಗುತ್ತದೆ ಎಂದರು ವೈಶೇಷಿಕರು. ಇದಕ್ಕೆ ಪೀಲುಪಾಕವಾದ ಎಂದು ಹೆಸರು. ನೈಯಾಯಿಕರು ಒಪ್ಪಲಿಲ್ಲ. ಆವಿಗೆ ತೆರೆದು ನೋಡಿದವನು ಇದು ನಾನು ಇಟ್ಟ ಅದೇ ಮಡಕೆ ಎಂದು ಗುರುತಿಸುತ್ತಾನಲ್ಲ? ಮಡಕೆ ಇದ್ದ ಹಾಗೇ ಇರುತ್ತದೆ, ಶಾಖ ಸಣ್ಣ ರಂಧ್ರಗಳಿಂದ ಒಳಹೊಕ್ಕು ಬಣ್ಣವನ್ನಷ್ಟೇ ಬದಲಿಸುತ್ತದೆ ಎಂಬುದು ಅವರ ಪಿಠರಪಾಕವಾದ. ಪಾಠ ಕೇಳುವ ಹುಡುಗರಿಗೆ ಇದು ಕೆಲಸವಿಲ್ಲದವರ ಜಗಳದಂತೆ ಕಾಣುತ್ತದೆ. ಆದರೆ ನಿಮ್ಮ ಬಣ್ಣ ಬದಲಾದ ಮೇಲೂ ನೀವು ನೀವೇ ಆಗಿ ಉಳಿದಿದ್ದೀರಾ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವೂ ಅಲ್ಲ.

ಎರಡೂ ಕಡೆಯವರು ಒಪ್ಪಿದ ಒಂದು ಮಾತಿದೆ: ಹಳೆಯ ಕಪ್ಪು ನಾಶವಾಯಿತು. ಸುಟ್ಟ ಮಡಕೆ ಮತ್ತೆ ಹಸಿಯಾಗುವುದಿಲ್ಲ. ವಿನೈಲ್ ಹೊದಿಸಿದ ಕಾರಿನಲ್ಲಿ ಆಗುವುದೇ ಬೇರೆ. ಕೆಳಗಿನ ಬಿಳಿ ಬಿಳಿಯಾಗಿಯೇ ಇದೆ, ನೋಡುವವರಿಗೆ ಕಾರು ಕಡು ನೀಲಿ. ವೈಶೇಷಿಕರ ಲೆಕ್ಕದಲ್ಲಿ ಇದಕ್ಕೆ ಉತ್ತರ ಕಷ್ಟವಲ್ಲ. ನೀಲಿ ಬಣ್ಣ ಫಿಲ್ಮ್ ಎಂಬ ದ್ರವ್ಯದಲ್ಲಿ ಸಮವಾಯ ಸಂಬಂಧದಿಂದ ಇದೆ, ಆ ಫಿಲ್ಮ್‌ಗೂ ಕಾರಿಗೂ ಇರುವುದು ಬರೀ ಸಂಯೋಗ. ಸಂಯೋಗವಾದದ್ದು ಒಂದಲ್ಲ ಒಂದು ದಿನ ವಿಭಾಗವಾಗುತ್ತದೆ. ಆದ್ದರಿಂದ ಕಾರಿನ ಬಣ್ಣ ಬದಲಾಗಿಯೇ ಇಲ್ಲ.

ಆರ್‌ಟಿಒ ಕಚೇರಿಯಲ್ಲಿ ಈ ವಾದ ನಡೆಯುವುದಿಲ್ಲ. ಆರ್‌ಸಿಯಲ್ಲಿ ವಾಹನದ ಬಣ್ಣಕ್ಕೆಂದು ಒಂದು ಜಾಗವಿದೆ, ಬಣ್ಣ ಬದಲಾದರೆ ತಿಳಿಸಿ ಅಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಕಾಗದದಲ್ಲಿ ಬಿಳಿ, ರಸ್ತೆಯಲ್ಲಿ ನೀಲಿ ಎಂದಾದರೆ ತಡೆದು ನಿಲ್ಲಿಸಿದ ಪೊಲೀಸರ ಮುಂದೆ ಸಮವಾಯ, ಸಂಯೋಗ ಎಂದು ವಿವರಿಸುತ್ತ ನಿಲ್ಲಲಾಗದು. ಕಣ್ಣಿಗೆ ಕಂಡದ್ದೇ ಬಣ್ಣ. ಇದನ್ನು ಅಧಿಕಾರಿಗಳ ದಡ್ಡತನ ಎಂದು ನಗುವುದಕ್ಕೆ ನನಗೆ ಮನಸ್ಸಿಲ್ಲ. ಗುದ್ದಿ ಓಡಿಹೋದ ಕಾರನ್ನು ಕಂಡವರು ಹೇಳುವುದು ನೀಲಿ ಕಾರು ಎಂದೇ. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದಾಗ ಅದರ ಹಿಂದೆಯೂ ಇದ್ದದ್ದು ಇಂಥದೇ ಕಾಳಜಿ: ನೀವು ಏನನ್ನು ಹೊದ್ದುಕೊಂಡಿದ್ದೀರಿ ಎಂಬುದು ನಿಮ್ಮೊಬ್ಬರ ವಿಷಯವಲ್ಲ, ಆಚೆ ನಿಂತು ನೋಡುವವರದ್ದೂ ಹೌದು.

ಇಲ್ಲಿ ನನ್ನ ದರ್ಶನಕಾರರಿಗೆ ಇನ್ನೊಂದು ತೊಡಕೂ ಇದೆ. ಕೆಳಗಿರುವ ಬಿಳಿಯಾದರೂ ಕಾರಿನದ್ದೇ ಏನು? ಕಾರ್ಖಾನೆಯ ಬಣ್ಣದ ಎಲ್ಲ ಪದರಗಳನ್ನು ಒಟ್ಟು ಸೇರಿಸಿದರೂ ದಪ್ಪ 100ರಿಂದ 150 ಮೈಕ್ರಾನ್. ಫಿಲ್ಮ್ 50 ಮೈಕ್ರಾನ್ ಚಿಲ್ಲರೆ, ಅಂಟು ಸೇರಿದರೆ ಇನ್ನೊಂದಿಷ್ಟು. ಎರಡೂ ತಲೆಗೂದಲಿನ ಲೆಕ್ಕದವು. ಬಿಳಿಯ ಕೆಳಗೆ ಪ್ರೈಮರ್, ಅದರ ಕೆಳಗೆ ಇಡೀ ಗೂಡನ್ನು ತೊಟ್ಟಿಯಲ್ಲಿ ಅದ್ದಿ ವಿದ್ಯುತ್ ಹಾಯಿಸಿ ಕೂರಿಸಿದ ತುಕ್ಕು ನಿರೋಧಕ ಪದರ, ಕೊನೆಗೆ ಯಾರೂ ನೋಡಬಯಸದ ಬೂದು ಉಕ್ಕು. ಹೀಗೆ ಸುಲಿಯುತ್ತ ಹೋದರೆ 'ನಿಜವಾದ ಬಣ್ಣ' ಎಂಬುದು ಮೊದಲು ಹೊದ್ದ ಹೊದಿಕೆಯ ಇನ್ನೊಂದು ಹೆಸರು ಅಷ್ಟೆ. ಬಣ್ಣ ಸಾಚಾ, ವಿನೈಲ್ ನಕಲಿ ಎಂದು ಮೂಗು ಮುರಿಯುವ ಕಾರುಪ್ರೇಮಿಗಳು ಬಹಳ ಜನ ಇದ್ದಾರೆ. ಅವರ ವಾದ ಇಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಉಳಿಯುವ ವ್ಯತ್ಯಾಸ ಒಂದೇ: ಒಂದನ್ನು ಹಿಂತೆಗೆದುಕೊಳ್ಳಬಹುದು, ಇನ್ನೊಂದನ್ನು ಆಗದು.

ಹಿಂತೆಗೆದುಕೊಳ್ಳುವ ಈ ಶಕ್ತಿ ಫಿಲ್ಮ್‌ಗೆ ಎಲ್ಲಿಂದ ಬಂತೆಂದು ನೋಡುವುದು ಒಳ್ಳೆಯದು. ವಿನೈಲ್ ಎಂದರೆ ಪಿವಿಸಿ, ನಮ್ಮ ಮನೆಗಳ ನೀರಿನ ಪೈಪಿನ ಜಾತಿ. ಹುಟ್ಟಿನಿಂದ ಅದು ಗಡುಸು. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೀಮನ್ ಅದಕ್ಕೆ ಬೇರೆ ರಾಸಾಯನಿಕ ಬೆರೆಸಿ ಮೆತ್ತಗಾಗಿಸುವ ದಾರಿ ಕಂಡುಕೊಂಡ. ಫಿಲ್ಮ್ ಬಾಗುವುದು, ಕಾರಿನ ಉಬ್ಬುತಗ್ಗುಗಳಿಗೆ ಒಗ್ಗುವುದು ಈ ಬೆರಕೆಯಿಂದ. ಮೃದುತ್ವ ಸಾಲದ ಸೊತ್ತು; ಬಿಸಿಲಿನಲ್ಲಿ ಬೆರಕೆ ನಿಧಾನವಾಗಿ ಹೊರಟುಹೋದಂತೆ ಫಿಲ್ಮ್ ತನ್ನ ಮೂಲದ ಗಡುಸಿಗೆ ಹಿಂದಿರುಗುತ್ತದೆ. ಈ ಕಸುಬಿನವರ ಬಾಯಲ್ಲಿ ಇನ್ನೊಂದು ಪದವಿದೆ, ಮೆಮೊರಿ. ಅಗ್ಗದ ಫಿಲ್ಮನ್ನು ಬಿಸಿ ರೋಲರುಗಳ ನಡುವೆ ಹಿಂಡಿ, ಎಳೆದು ಹಾಳೆ ಮಾಡುತ್ತಾರೆ. ಆ ಎಳೆತ ಅದರ ಮೈಯಲ್ಲಿ ಉಳಿದುಬಿಡುತ್ತದೆ. ಕಾರಿನ ಮೇಲೆ ಎಷ್ಟೇ ನೀಟಾಗಿ ಕೂರಿಸಿ, ಕೆಲವು ತಿಂಗಳಲ್ಲಿ ಅಂಚುಗಳಲ್ಲಿ ಕುಗ್ಗಿ ಹಿಂದೆ ಸರಿಯುತ್ತದೆ. ಕಾಸ್ಟ್ ಎಂಬ ದುಬಾರಿ ಫಿಲ್ಮನ್ನು ದ್ರವರೂಪದಲ್ಲಿ ಹಾಳೆಯ ಮೇಲೆ ಸುರಿದು ಒಲೆಯಲ್ಲಿ ಆರಿಸುತ್ತಾರೆ. ಯಾರೂ ಹಿಂಡದೆ ಬೆಳೆದದ್ದಕ್ಕೆ ಹಿಂದಿರುಗಬೇಕಾದ ಆಕಾರ ಎಂಬುದಿಲ್ಲ. ಆದರೂ ಹಿಗ್ಗಿಸಿ ಕೂರಿಸಿದ ಮೂಲೆಗಳಿಗೆ ಗೆಳೆಯ ಕೊನೆಯಲ್ಲಿ ಇನ್ನೊಮ್ಮೆ ಹೀಟ್ ಗನ್ ಹಿಡಿಯುತ್ತಾನೆ, 90ರಿಂದ 110 ಡಿಗ್ರಿ ಬರುವಷ್ಟು. "ನೆನಪು ಸಾಯಿಸ್ತಾ ಇದೀನಿ" ಎನ್ನುತ್ತಾನೆ. ಇಂಥ ಮಾತನ್ನು ನಾನು ಥೀಸಿಸ್ಸಿನಲ್ಲಿ ಬರೆದರೆ ಗೈಡು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾರೆ.

ವಿನೈಲನ್ನು ಅಗ್ಗವೆಂದು ಮಾಡಿಸುವವರಿಗಿಂತ ಬೇರೆ ಕಾರಣಕ್ಕೆ ಮಾಡಿಸುವವರೇ ಹೆಚ್ಚು. ಒಳ್ಳೆಯ ಕಾಸ್ಟ್ ಫಿಲ್ಮ್ ಹಾಕಿಸಿದರೆ ಸಾಧಾರಣ ಗ್ಯಾರೇಜಿನ ಬಣ್ಣಕ್ಕಿಂತ ಹೆಚ್ಚೇ ಖರ್ಚಾಗಬಹುದು. ಕೆಲವರು ಕೆಳಗಿನ ಬಣ್ಣ ಗೀಚದಿರಲೆಂದು ಹಾಕಿಸುತ್ತಾರೆ. ಉಳಿದವರು ಕೊಳ್ಳುವುದು ಇನ್ನೊಂದನ್ನು, ಬೇಡವೆನ್ನಿಸಿದ ದಿನ ಬೇಡವೆನ್ನುವ ಸ್ವಾತಂತ್ರ್ಯವನ್ನು. ಅದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನಿಲ್ಲ. ಯಕ್ಷಗಾನದ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುವ ಬಣ್ಣದ ವೇಷದವರೂ ಬೆಳಗಾದರೆ ಅಳಿಸಿಹಾಕುವ ಬಣ್ಣವನ್ನೇ ಹಚ್ಚುತ್ತಾರೆ. ರಾತ್ರಿಯಿಡೀ ಅವರು ರಾವಣ. ಅದನ್ನು ಸುಳ್ಳು ಎಂದವರನ್ನು ನಾನು ಕಂಡಿಲ್ಲ. ಏಕೆಂದರೆ ಎದುರು ಕೂತವರಿಗೂ ಗೊತ್ತು, ಇದು ವೇಷ. ಬೆಳಗು ಬರುತ್ತದೆ, ತೆಂಗಿನೆಣ್ಣೆ ಬರುತ್ತದೆ. ಕಟ್ಟಿದವನಿಗೂ ನೋಡುವವನಿಗೂ ಒಂದೇ ತಿಳಿವಳಿಕೆ, ಕಳಚುವ ಹೊತ್ತೂ ಮೊದಲೇ ಗೊತ್ತು.

ಹೊತ್ತು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಕೆಲಸದ ಮೇಲೆ ಬಳ್ಳಾರಿಯಲ್ಲಿರುವ ಅಕ್ಕ ಭಾವ ಬಿಳಿ ಕಾರು ಕೊಂಡರು. ಭಾವನಿಗೆ ಬಿಳಿ ಇಷ್ಟವಿರಲಿಲ್ಲ. ಆದರೆ ಬಿಳಿ ಕಾರು ಮಾರುವುದು ಸುಲಭ ಎಂಬ ಮಾತನ್ನು ಎಲ್ಲರೂ ಹೇಳಿದ್ದರು. ಕೊಳ್ಳುವ ದಿನವೇ ಮಾರುವ ದಿನದ ಯೋಚನೆ, ನಾವು ಮಧ್ಯಮ ವರ್ಗದವರ ಚಾಳಿ. ಕಡೆಗೆ ಭಾವ ಮೇಲೆ ಕಡು ನೀಲಿ ಫಿಲ್ಮ್ ಹಾಕಿಸಿದರು. "ಪೇಂಟ್ ಹೊಡೆಸಿದ್ರೆ ಮುಗೀತು. ಇದಾದ್ರೆ ಬೇಡ ಅನ್ನಿಸಿದ ದಿನ ತೆಗೀಬಹುದಲ್ಲಪ್ಪ" ಎಂದು ನನಗೆ ವಿವರಿಸಿದ್ದರು. ಮುಂದಿನ ದೀಪಾವಳಿಗೆ ತೆಗೆಸೋಣ ಎಂದುಕೊಂಡರು, ಆಗಲಿಲ್ಲ. ಅದರ ಮುಂದಿನದಕ್ಕೂ ಆಗಲಿಲ್ಲ. ಬೇಡ ಎಂದು ಗಟ್ಟಿಯಾಗಿ ಅನ್ನಿಸಲಿಲ್ಲ, ಬೇಕು ಎಂದೂ ಅನ್ನಿಸಲಿಲ್ಲ. ಇಂಥ ಫಿಲ್ಮ್‌ಗಳಿಗೆ ತಯಾರಕರೇ ಕೆಲವು ವರ್ಷಗಳ ಆಯಸ್ಸು ಹೇಳಿರುತ್ತಾರೆ. ಬಾಗಿಲಿನಂತೆ ನೆಟ್ಟಗೆ ನಿಂತ ಭಾಗಗಳಿಗೆ ಹೆಚ್ಚು, ಬಿಸಿಲಿಗೆ ಮೈಯೊಡ್ಡಿ ಮಲಗಿದ ಬಾನೆಟ್ಟು, ಛಾವಣಿಗಳಿಗೆ ಕಡಿಮೆ. ಬಳ್ಳಾರಿಯ ಬಿಸಿಲು ಯಾರ ಲೆಕ್ಕಕ್ಕೂ ಕಾಯುವುದಿಲ್ಲ. ಏಳನೆಯ ವರ್ಷ ಕಾರು ಮಾರಬೇಕಾಗಿ ಬಂದು ಫಿಲ್ಮ್ ತೆಗೆಸಲು ಹೋದರೆ, ಬಾಗಿಲುಗಳದ್ದು ಹಾಳೆಯಂತೆ ಬಂತು, ಬಾನೆಟ್ಟಿನದ್ದು ಒಣಗಿದ ಸುಣ್ಣದ ಚಕ್ಕೆಯಂತೆ ಉಗುರಿನಷ್ಟುಗಲದ ಚೂರುಗಳಾಗಿ ಎದ್ದಿತು. ಅಂಟು ಕೆಳಗೇ ಉಳಿಯಿತು. ಅದನ್ನು ಕೆರೆದು ತೆಗೆಯುವ ಕೂಲಿ ಫಿಲ್ಮ್ ಹಾಕಿಸಿದ್ದರ ಸಮಕ್ಕೆ ಬಂತು. "ತೆಗೀಬಹುದು ಅಂತಲೇ ಏಳು ವರ್ಷ ಇಟ್ಕೊಂಡ್ವಿ ಕಣೋ" ಎಂದಳು ಅಕ್ಕ ಫೋನಿನಲ್ಲಿ.

ಅವಳ ಆ ಮಾತಿನಿಂದಲೇ ನಾನು ಈ ಬರಹಕ್ಕೆ ಕೂತದ್ದು ಎನ್ನಬೇಕು. ಭಾವ ಬಿಳಿಯನ್ನೂ ಆರಿಸಲಿಲ್ಲ, ನೀಲಿಯನ್ನೂ ಆರಿಸಲಿಲ್ಲ. ಎರಡೂ ಕೈಯಲ್ಲಿರಲಿ ಎಂದರು. ಹಾಗೆ ಇಟ್ಟುಕೊಂಡದ್ದನ್ನು ಬಳ್ಳಾರಿಯ ಸೂರ್ಯ ದಿನಕ್ಕಿಷ್ಟರಂತೆ ತೆಗೆದುಕೊಂಡುಹೋದ. ಅವರನ್ನು ದೂರುವ ಯೋಗ್ಯತೆ ನನ್ನ ಓರಗೆಯವರಿಗೆ ಇಲ್ಲ. ನಾವು ಬಹುತೇಕ ಎಲ್ಲವನ್ನೂ ಸದ್ಯಕ್ಕೆ ಎಂದೇ ಶುರು ಮಾಡುತ್ತೇವೆ. ಸದ್ಯಕ್ಕೆ ಈ ರೂಮು, ಸದ್ಯಕ್ಕೆ ಈ ಕೆಲಸ. ನಮ್ಮ ಕಾಲೇಜುಗಳಲ್ಲಿ ಹತ್ತು ಹನ್ನೆರಡು ವರ್ಷ ಪಾಠ ಮಾಡಿದ ಮೇಲೂ ಅತಿಥಿ ಉಪನ್ಯಾಸಕರಾಗಿಯೇ ಉಳಿದವರಿದ್ದಾರೆ. ಹನ್ನೆರಡು ವರ್ಷದ ಅತಿಥಿ ಯಾವ ಮನೆಯಲ್ಲಿರುತ್ತಾನೆ? ಅಲ್ಲಿ ತಾತ್ಕಾಲಿಕವನ್ನು ಆರಿಸಿಕೊಂಡವರು ಅವರಲ್ಲ ಎಂಬುದು ನಿಜ. ಆದರೆ ಹೊದಿಕೆಯ ಕೆಳಗೆ ಅಂಟು ಗಟ್ಟಿಯಾಗುವುದಕ್ಕೆ ಅದನ್ನು ಯಾರು ಹೊದಿಸಿದರು ಎಂಬ ವಿಚಾರ ಬೇಕಾಗುವುದಿಲ್ಲ.

ಸರಿಯಾದ ಹೊತ್ತಿಗೆ ಕಳಚಿದರೂ ಮೊದಲಿದ್ದಲ್ಲಿಗೇ ಹೋಗಿ ನಿಲ್ಲುತ್ತೇವೆಯೆ? ಹಳೆಯ ವ್ಯಾನುಗಳ ಮೇಲೆ ಕಿತ್ತುಹಾಕಿದ ಅಕ್ಷರಗಳ ನೆರಳು ಉಳಿದಿರುವುದನ್ನು ನೀವು ನೋಡಿರಬಹುದು. ಅಂಗಡಿ ಮುಚ್ಚಿರುತ್ತದೆ, ಸ್ಟಿಕ್ಕರ್ ಹೋಗಿರುತ್ತದೆ, ಹೆಸರನ್ನು ಮಾತ್ರ ಇನ್ನೂ ಓದಬಹುದು. ಅಕ್ಷರದ ಕೆಳಗಿನ ಬಣ್ಣ ಹೊಸದಾಗಿಯೇ ಉಳಿದು ಸುತ್ತಲಿನದ್ದು ಮಾಸಿದ್ದರಿಂದ ಆಗುವ ನೆರಳು ಅದು. ಹೊದ್ದ ಜಾಗದಲ್ಲಿ ಕಾಲ ನಿಂತಿರುತ್ತದೆ, ಹೊದೆಯದ ಜಾಗದಲ್ಲಿ ನಡೆದಿರುತ್ತದೆ. ಹೊದಿಕೆ ತೆಗೆದಾಗ ಎರಡೂ ಒಟ್ಟಿಗೆ ಕಾಣುತ್ತವೆ.

ಇನ್ನು ಆ ಜರ್ಮನ್ ಟ್ಯಾಕ್ಸಿಯ ವಿಷಯ. ಹೊದಿಕೆ ಮೈಮೇಲಿದ್ದಷ್ಟು ದಿನ ಅದು ಪ್ರಾಮಾಣಿಕ. ನಾನು ಟ್ಯಾಕ್ಸಿ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡುತ್ತದೆ. ಕಷ್ಟ ಶುರುವಾಗುವುದು ಕಳಚಿದ ಮೇಲೆ. ಫಿಲ್ಮ್ ತೆಗೆದ ಕಪ್ಪು ಮರ್ಸಿಡಿಸ್ ಯಾವುದೋ ಸಂಸಾರಸ್ಥರ ಕಾರಿನ ಹಾಗೆ ಹೊಳೆಯುತ್ತ ನಿಲ್ಲುತ್ತದೆ, ಅಷ್ಟು ವರ್ಷ ಹಗಲುರಾತ್ರಿ ದುಡಿದದ್ದರ ಒಂದು ಗೆರೆಯೂ ಹೊರಗೆ ಕಾಣುವುದಿಲ್ಲ. ಕಾಗದಪತ್ರ ನೋಡಿದವರಿಗೆ ಗೊತ್ತಾಗುತ್ತದೆ, ಮೈ ನೋಡಿದವರಿಗಿಲ್ಲ. ಮುಚ್ಚುವುದು ಮೋಸ, ತೆರೆಯುವುದು ಸತ್ಯ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ತೆರೆದದ್ದೇ ಮುಚ್ಚಿತು.

ಆದ್ದರಿಂದ ಕಳಚಬಹುದು ಎಂಬುದನ್ನು ಫಿಲ್ಮ್‌ನಲ್ಲಿರುವ ಒಂದು ಗುಣವೆಂದು ಎಣಿಸುವುದಕ್ಕೆ ನನಗೀಗ ಮನಸ್ಸು ಬಾರದು. ಅದು ಒಂದು ಹೊದಿಕೆಗೂ, ಅದರ ಕೆಳಗೇನಿದೆ ಎಂದು ಬಲ್ಲವನಿಗೂ ನಡುವೆ ಇರುವ ಸಂಬಂಧ. ಭಾವನಿಗೆ ಕೆಳಗಿನ ಬಿಳಿ ಗೊತ್ತಿತ್ತು, ಅವರ ಮಟ್ಟಿಗೆ ನೀಲಿ ಹೊದಿಕೆಯಾಗಿತ್ತು. ಅದೇ ಕಾರನ್ನು ಹಾಗೆಯೇ ಕೊಂಡು ಹೋಗುವವನಿಗೆ, ಯಾರೂ ಹೇಳದಿದ್ದರೆ, ನೀಲಿ ಹೊದಿಕೆಯಲ್ಲ, ಅದೇ ಕಾರು. ಹೊದ್ದಿದೆ ಎಂದೇ ತಿಳಿಯದವನು ಯಾವುದನ್ನು ಕಳಚಿಯಾನು? ತಿಳಿಯುವ ದಿನ ಬಂದರೂ ಕಳಚುವ ಖರ್ಚು ಅವನದು. ಪುಟ್ಟಿ, ಬಣ್ಣಗಳಿಂದ ಮುಚ್ಚಿದ್ದು ಶಾಶ್ವತ ಸುಳ್ಳು, ಫಿಲ್ಮ್ ಎಳೆದರೆ ಬರುವ ಹಗುರ ಸುಳ್ಳು ಎಂದು ಕೆಲವರು ವಾದಿಸಿಯಾರು. ನನಗೆ ಎರಡನೆಯದೇ ಹೆಚ್ಚು ಭಾರವೆನ್ನಿಸುತ್ತದೆ. ಸತ್ಯ ಹೇಳುವ ಕೆಲಸವನ್ನು ಅದು ಇನ್ನೊಬ್ಬರ ಉಗುರಿಗೆ, ಇನ್ನೊಬ್ಬರ ಜೇಬಿಗೆ ಬಿಟ್ಟುಕೊಡುತ್ತದೆ.

ಹೋದ ಚಳಿಗಾಲದಲ್ಲಿ ಗೆಳೆಯನ ಶೆಡ್ಡಿಗೆ ಒಂದು ಬೂದು ಬಣ್ಣದ ಕಾರು ಬಂತು. ಹೊದಿಸುವ ಮೊದಲು ಅವನು ಯಾವಾಗಲೂ ಕಾರಿನ ಸುತ್ತ ಒಂದು ಸುತ್ತು ಬರುತ್ತಾನೆ, ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಅಲ್ಲಲ್ಲಿ ಒತ್ತುತ್ತ. ಕಾರ್ಖಾನೆಯ ಬಣ್ಣವಾದರೆ ಫಿಲ್ಮ್ ಕಿತ್ತಾಗ ಗಟ್ಟಿಯಾಗಿ ಕೂತಿರುತ್ತದೆ, ಮರುಬಣ್ಣವಾದರೆ ಫಿಲ್ಮ್ ಜೊತೆಗೇ ಎದ್ದು ಬರಬಹುದು. ಎಡಗಡೆಯ ಹಿಂಬಾಗಿಲಿಗೆ ಬಂದಾಗ ಮೀಟರಿನ ಅಂಕಿ ಉಳಿದ ಕಡೆಗಿಂತ ಹಲವು ಪಟ್ಟು ಏರಿತು. ಪುಟ್ಟಿ, ಅದೂ ಧಾರಾಳವಾಗಿ. ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು ಒಳಗೆ ತುಕ್ಕು ಶುರುವಾಗಿತ್ತು. ಮಾಲೀಕರು ಮುಚ್ಚುಮರೆ ಮಾಡಲಿಲ್ಲ. "ಮುಂದಿನ ತಿಂಗಳು ಕೊಟ್ಬಿಡ್ತೀನಿ ಸಾರ್, ಅಷ್ಟರವರೆಗೆ ಚೆಂದ ಕಾಣ್ಬೇಕು" ಎಂದರು.

ತುಕ್ಕಿನ ಮೇಲೆ ಫಿಲ್ಮ್ ಕೂರುವುದಿಲ್ಲ, ಕೂತರೂ ಕೆಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ. ಗೆಳೆಯ ಇಷ್ಟನ್ನೂ ಹೇಳಿದ. ಅವರು ಆ ಅಂಚನ್ನು ಉಜ್ಜಿಸಿ ಪ್ರೈಮರ್ ಹೊಡೆಸಲು ಒಪ್ಪಿದರು. ಅವರು ಚಹಾಕ್ಕೆಂದು ಆಚೆ ಹೋದಾಗ, ಈ ಕೆಲಸ ಬೇಡ ಎಂದುಬಿಡು ಎಂದೆ. ಅವನು ಸ್ಕ್ವೀಜಿಯನ್ನು ಪ್ಯಾಂಟಿಗೆ ಒರೆಸುತ್ತ, "ನಾನು ಬೇಡ ಅಂದ್ರೆ ಮುಂದಿನ ಸಿಗ್ನಲ್ ಹತ್ರ ಇನ್ನೊಬ್ಬ ಇದಾನೆ ಮೇಷ್ಟ್ರೇ. ಅವನು ಪ್ರೈಮರೂ ಹೊಡಿಯಲ್ಲ" ಎಂದ. ಇನ್ನೊಬ್ಬ ಮಾಡುತ್ತಾನೆ ಎಂಬುದು ನಾನು ಮಾಡುವುದಕ್ಕೆ ಕಾರಣವಾಗದು ಎಂದು ನಾನು. ದಿನಸಿ ಅಂಗಡಿಯವನು ಉಪ್ಪು ಮಾರುವಾಗ ಯಾವ ಸಾರಿಗೆ ಹಾಕ್ತೀರಿ ಅಂತ ಕೇಳ್ತಾನಾ ಎಂದು ಅವನು. ಈ ಜಗಳ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಮೀಟರು ತೋರಿಸಿದ ಅಂಕಿಯನ್ನು ಕಂಡಮೇಲೆ ಅವನು ಉಪ್ಪು ಮಾರುವವನಾಗಿ ಉಳಿಯಲಿಲ್ಲ ಎಂಬುದು ನನ್ನ ಪಟ್ಟು. ಇನ್ನೂ ಕಾಣದ, ಹೆಸರೂ ಗೊತ್ತಿಲ್ಲದ ಯಾರಿಗೋ ಅವನು ಒಂದು ಮಾತು ಬಾಕಿ ಇಟ್ಟುಕೊಂಡ.

ಕಾರು ಎರಡೂವರೆ ದಿನ ಶೆಡ್ಡಿನಲ್ಲಿತ್ತು, ಹೊರಬಂದಾಗ ಕಡು ಹಸಿರಾಗಿತ್ತು. ಚೆಂದವಿತ್ತು, ಅದನ್ನು ಅಲ್ಲಗಳೆಯಲಾರೆ. ಬಾಗಿಲ ಚೌಕಟ್ಟಿನ ಒಳಗಡೆ ಹೊದಿಸುವುದಕ್ಕೆ ಬೇರೆ ರೇಟು, ಅವರು ಬೇಡ ಎಂದಿದ್ದರು. ಹಾಗಾಗಿ ಬಾಗಿಲು ತೆರೆದರೆ ಹಸಿರಿನ ಒಳಗಿಂದ ಬೂದು ಬಣ್ಣದ ಒಂದು ಪಟ್ಟಿ ಕಾಣುತ್ತಿತ್ತು. ಗೆಳೆಯ ಬಿಲ್ಲು ಬರೆಯುವಾಗ ಮೊತ್ತದ ಕೆಳಗೆ ಪೆನ್ನು ಒತ್ತಿ ಇನ್ನೊಂದು ಸಾಲು ಸೇರಿಸಿದ: ಎಡ ಹಿಂಬಾಗಿಲು, ಮರುಬಣ್ಣ, ಪುಟ್ಟಿ, ಕೆಳಗೆ ತುಕ್ಕು, ಇದಕ್ಕೆ ಗ್ಯಾರಂಟಿ ಇಲ್ಲ. ಬರೆದದ್ದನ್ನು ಜೋರಾಗಿ ಓದಿದ. "ಇದನ್ನ ಕಾರಲ್ಲೇ ಇಡಿ ಸಾರ್" ಎಂದು ಕೊಟ್ಟ. ಅವರು ತಲೆಯಾಡಿಸಿ, ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ, ಶರಟಿನ ಜೇಬಿಗೆ ಹಾಕಿಕೊಂಡರು.